ಸೋಮವಾರದ ಗುಳಿಗೆ

ಹೆಸರು: ಸೈಮಾ ಕೋಂ ಮೈನೋದ್ದೀನ ನದಾಫ. ವಯಸ್ಸು: 31 ವರ್ಷ. ವಿದ್ಯಾಭ್ಯಾಸ: ಪಿಯುಸಿ. ಉದ್ಯೋಗ: ಮನೆಯಲ್ಲಿ ಬ್ಲೌಸ್ ಹೊಲಿಯುವುದು. ವಿಳಾಸ: ಪಿಂಜಾರ ಗಲ್ಲಿ, ಗೋಕಾಕ, ಜಿಲ್ಲಾ ಬೆಳಗಾವಿ.

ದಿನಾಂಕ 21-01-2026ರಂದು ಬೆಳಿಗ್ಗೆ 11:00 ಗಂಟೆಗೆ ಗೋಕಾಕದ ಪೊಲೀಸ್ ಠಾಣೆಗೆ ನಾನಾಗಿಯೇ ಬಂದು ಹಾಜರಾಗಿದ್ದು, ಮಹಿಳಾ ಪೊಲೀಸರ ಎದುರಿನಲ್ಲಿ ನನ್ನನ್ನು ವಿಚಾರಿಸಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ಮೇಲೆ ಹೇಳಿದ ವಿಳಾಸದಲ್ಲಿ ನಾನು, ನನ್ನ ಗಂಡ ಮೈನೋದ್ದೀನ, ಮಾವ ಬಾಬಾಜಾನ (68 ವರ್ಷ), ಅತ್ತೆ ಜರೀನಾಬಿ (62 ವರ್ಷ) ಮತ್ತು ನನ್ನ ಮಗಳು ಮಿಸ್ಬಾ (8 ವರ್ಷ) ವಾಸವಾಗಿದ್ದೇವೆ. ಮಾವ ಮತ್ತು ಗಂಡ ಗಾದಿ ಹೊಲಿಯುವ ಅಂಗಡಿ ನಡೆಸುತ್ತಾರೆ. ಮೈದುನ ಅಯೂಬ ಎರಡು ವರ್ಷದಿಂದ ಮುಂಬೈಯಿಂದ ಹೊರಡುವ ಒಂದು ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ನಾದಿನಿ ಜೀನತ ನನ್ನ ಗಂಡನಿಗಿಂತ ಹಿರಿಯಳು. ಆಕೆಯನ್ನು ಹುಕ್ಕೇರಿಗೆ ಕೊಟ್ಟಿದೆ. ನನ್ನ ತವರು ಮೂಡಲಗಿ. ನನಗೆ ಮದುವೆಯಾಗಿ ಹತ್ತು ವರ್ಷವಾಗಿದೆ.

ನನ್ನ ಅತ್ತೆಗೆ ಆರು ವರ್ಷದಿಂದ ಸಂಧಿವಾತ ಇದೆ. ಎರಡೂ ಕೈಯ ಬೆರಳು ಸೊಟ್ಟಾಗಿವೆ. ಜೀನತಳೇ ಕರೆದುಕೊಂಡು ಹೋಗಿ ಹುಕ್ಕೇರಿಯ ಡಾಕ್ಟರರಿಗೆ ತೋರಿಸಿದ್ದು, ಅವರು ಬರೆದುಕೊಟ್ಟ ಔಷಧ ಅಂದಿನಿಂದ ನಡೆದಿದೆ. ಅದರಲ್ಲಿ ಒಂದು ಗುಳಿಗೆಯನ್ನು ವಾರಕ್ಕೆ ಒಂದೇ ಸಲ, ಸೋಮವಾರ ಬೆಳಿಗ್ಗೆ ತೆಗೆದುಕೊಳ್ಳಬೇಕು. ಮನೆಯಲ್ಲಿ ನಾವು ಅದಕ್ಕೆ ಸೋಮವಾರದ ಗುಳಿಗೆ ಎನ್ನುತ್ತೇವೆ. ಆ ಗುಳಿಗೆ ಮೈಗೆ ಮಾಡುವ ತೊಂದರೆ ತಪ್ಪಿಸಲು ಉಳಿದ ಆರು ದಿನ ದಿನಕ್ಕೊಂದು ವಿಟಮಿನ್ ಗುಳಿಗೆ ಕೊಟ್ಟಿದ್ದಾರೆ. ಎರಡೂ ಹಳದಿ, ಎರಡೂ ಸಣ್ಣವು. ಬೆರಳಿನಲ್ಲಿ ಬಲವಿಲ್ಲದ ಕಾರಣ ಅತ್ತೆಗೆ ಪಟ್ಟಿಯಿಂದ ಗುಳಿಗೆ ಒತ್ತಿ ತೆಗೆಯಲು ಬರುವುದಿಲ್ಲ. ಆರು ವರ್ಷವೂ ನಾನೇ ಬೆಳಿಗ್ಗೆ ಚಹಾ ಆದ ಮೇಲೆ ತೆಗೆದು ಅವರ ಅಂಗೈಗೆ ಹಾಕುತ್ತಾ ಬಂದಿದ್ದೇನೆ. ಮಾವನಿಗೆ ಕಣ್ಣಿನಲ್ಲಿ ಪೊರೆ ಬಂದಿದ್ದು ಸಣ್ಣ ಅಕ್ಷರ ಕಾಣುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಅಯೂಬ ಫೋನ್ ಮಾಡಿ, ಕೆಲಸಗಾರರ ತಂದೆತಾಯಿಗೆ ಹಡಗಿನಲ್ಲಿ ಒಂದು ಸಲ ಹೋಗಿಬರಲು ಅವಕಾಶ ಕೊಟ್ಟಿದ್ದಾರೆ, ಜನವರಿ 9ನೇ ತಾರೀಖು ಮುಂಬೈಯಿಂದ ಹೊರಟು ಲಕ್ಷದ್ವೀಪ ನೋಡಿಕೊಂಡು ಗೋವಾ ಮೇಲೆ 14ಕ್ಕೆ ವಾಪಸ್ ಎಂದು ತಿಳಿಸಿದನು. ಅತ್ತೆ ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಧುಪದಾಳದ ಒಡ್ಡಿನ ನೀರು ನೋಡಿಯೇ ತಲೆ ತಿರುಗುತ್ತದೆ ಎನ್ನುವವರು. ಮೊದಲು ಒಲ್ಲೆ ಎಂದರು. ಆಮೇಲೆ ಗಲ್ಲಿಯಲ್ಲಿ ಎಲ್ಲರಿಗೂ ತಾವೇ ಹೇಳಿ ಬಂದರು.

ದಿನಾಂಕ 04-01-2026 ಭಾನುವಾರ ಬೆಳಿಗ್ಗೆ ಸುಮಾರು 10:00 ಗಂಟೆಗೆ ನನಗೂ ಅತ್ತೆಗೂ ಮನೆಯ ಹಿತ್ತಲಲ್ಲಿ ಮಾತಿಗೆ ಮಾತು ಬೆಳೆದಿದ್ದು ನಿಜ. ನನ್ನ ಹೊಲಿಗೆ ಮಷೀನು ಅಡುಗೆಮನೆಯ ಮೂಲೆಯಲ್ಲಿದೆ. ಅಲ್ಲಿ ಬೆಳಕಿಲ್ಲ, ಮುಂದಿನ ಖೋಲಿಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದೆ. ಅಲ್ಲಿ ಹತ್ತಿ ಇಡಬೇಕು, ಆಗುವುದಿಲ್ಲ ಎಂದರು. ಆಗ ನಾನು, "ನೀವು ಒಮ್ಮಿ ಹೋದ್ರ ಸಾಕ್ರಿ, ಆಮ್ಯಾಲ ನನ್ನ ಮಷೀನ ನನಗ ಬೇಕಾದಲ್ಲೆ ಇಟಗೋತೇನಿ" ಎಂದು ಹೇಳಿದೆ. ಹಡಗಿಗೆ ಹೋದರೆ ಎಂಬ ಅರ್ಥದಲ್ಲಿ ಹೇಳಿದ್ದು. ಪಕ್ಕದ ಮನೆಯ ಗೌರಕ್ಕ ಬಟ್ಟೆ ಒಣಹಾಕುತ್ತಿದ್ದರು. ನಮ್ಮ ಹಿತ್ತಲ ಗೋಡೆ ನಾಲ್ಕು ಅಡಿ ಇದೆ. ಅವರು ಕೇಳಿಸಿಕೊಂಡದ್ದನ್ನು ಠಾಣೆಯಲ್ಲಿ ಹೇಳಿದ್ದಾರೆಂದು ತಿಳಿಯಿತು. ಅವರು ಸುಳ್ಳು ಹೇಳಿಲ್ಲ. ನಾನು ಆ ಮಾತನ್ನು ಒಳ್ಳೆಯ ಧ್ವನಿಯಲ್ಲಿ ಹೇಳಿರಲಿಲ್ಲ.

ದಿನಾಂಕ 06-01-2026 ಮಂಗಳವಾರ ಅತ್ತೆ ಮಾವ ಹೊರಡುವ ದಿನ. ರೈಲು ಸಂಜೆಗೆ ಘಟಪ್ರಭಾ ಸ್ಟೇಷನ್ನಿನಿಂದ ಇತ್ತು. ಮಧ್ಯಾಹ್ನ 2:30ರಿಂದ 3:30ರವರೆಗೆ ನಾನು ಮುಂದಿನ ಖೋಲಿಯ ನೆಲದ ಮೇಲೆ ಕುಳಿತು ಔಷಧದ ಚೀಲ ಕಟ್ಟಿದೆ. ಅಯೂಬ ಫೋನಿನಲ್ಲಿ ಮೂರು ಸೂಚನೆ ಕೊಟ್ಟಿದ್ದನು. ಒಂದು, ದೊಡ್ಡ ಚೀಲ ರೂಮಿಗೆ ಬರುವುದು ತಡವಾಗುತ್ತದೆ, ಔಷಧವನ್ನು ಕೈಚೀಲದಲ್ಲೇ ಇಡಬೇಕು. ಎರಡು, ಲೆಕ್ಕಕ್ಕಿಂತ ಒಂದೆರಡು ದಿನದ್ದು ಹೆಚ್ಚಿಗೆ ಇಡಬೇಕು. ಮೂರನೆಯದನ್ನು ಆತ ಎರಡು ಸಲ ಹೇಳಿದ. "ಭಾಬಿ, ಗುಳಿಗಿ ಪಟ್ಟ್ಯಾಗ ಇರ್ಲಿ, ಬಿಡಿಸಬ್ಯಾಡ್ರಿ. ಡಾಕ್ಟರ ಚೀಟಿ ಸಂಗಾಟ ಇಡ್ರಿ. ಇಲ್ಲೆ ಕೇಳತಾರ."

ಮೊದಲಿನ ಎರಡು ಪಾಲಿಸಿದೆ. ಮೂರನೆಯದನ್ನು ಪಾಲಿಸಲಿಲ್ಲ. ಕಾರಣ, ಪಟ್ಟಿಯಲ್ಲೇ ಇಟ್ಟರೆ ಹಡಗಿನಲ್ಲಿ ಒತ್ತಿ ತೆಗೆದುಕೊಡುವವರು ಯಾರು ಎಂಬ ಚಿಂತೆ ನನಗಿತ್ತು. ಅಯೂಬ ಬೆಳಗಿನ ಹೊತ್ತು ಅಡುಗೆಮನೆ ಬಿಟ್ಟು ಬರುವಂತಿರಲಿಲ್ಲ. ಆದ್ದರಿಂದ ಔಷಧ ಅಂಗಡಿಯಿಂದ ಬೆರಳಿನಿಂದ ಎತ್ತಿದರೆ ತೆರೆಯುವ ಮುಚ್ಚಳದ ಎರಡು ಪ್ಲಾಸ್ಟಿಕ್ ಡಬ್ಬಿ ತಂದಿದ್ದೆ. ಒಂದರ ಮೇಲೆ "ದಿನಾ" ಎಂದೂ ಇನ್ನೊಂದರ ಮೇಲೆ "ಸೋಮವಾರ" ಎಂದೂ ಮಾವನಿಗೆ ಕಾಣುವಂತೆ ದೊಡ್ಡದಾಗಿ ಬರೆದೆ. ವಿಟಮಿನ್ನಿನ ಹಳೆಯ ಪಟ್ಟಿ ಅಂದು ಬೆಳಿಗ್ಗೆಗೆ ತೀರಿತ್ತು. ಹೊಸದಾಗಿ ತಂದದ್ದು ಬೇರೆ ಕಂಪನಿಯದು, ಅದರ ಹೊದಿಕೆ ಬೆಳ್ಳಿ ಬಣ್ಣದ್ದಿತ್ತು. ಸೋಮವಾರದ ಗುಳಿಗೆಯ ಹೊದಿಕೆಯೂ ಬೆಳ್ಳಿ ಬಣ್ಣದ್ದೇ.

ನಾನು ಗುಳಿಗೆ ಒತ್ತಿ ತೆಗೆಯುವಾಗ ಅತ್ತೆ ಎದುರಿಗೇ ಕುಳಿತಿದ್ದರು. ಒಂದು ಅರಿವೆಯಲ್ಲಿ ಖಡಕ್ ರೊಟ್ಟಿ ಕಟ್ಟಿಸಿಕೊಂಡಿದ್ದರು. ಹಡಗಿನಲ್ಲಿ ಊಟ ಅವರೇ ಕೊಡುತ್ತಾರೆ ಎಂದರೆ, "ಸಮುದ್ರದಾಗ ಜ್ವಾಳ ಬೆಳಿತಾರೇನ? ಇರ್ಲಿ ಇಡ" ಎಂದರು. ಆ ಮಾತಿಗೆ ಇಬ್ಬರೂ ನಕ್ಕೆವು. ಭಾನುವಾರದ ಜಗಳ ಆಗ ಇಬ್ಬರ ಮನಸ್ಸಿನಲ್ಲೂ ಇರಲಿಲ್ಲ. ಆ ನಗುವಿನ ನಡುವೆಯೇ "ದಿನಾ" ಎಂಬ ಡಬ್ಬಿಗೆ ಎಂಟು ಗುಳಿಗೆ, "ಸೋಮವಾರ" ಎಂಬ ಡಬ್ಬಿಗೆ ಒಂದು ಗುಳಿಗೆ ಹಾಕಿ ಮುಚ್ಚಿದೆ. ಪಟ್ಟಿಯ ಹಿಂದಿನ ಹೆಸರು ಓದಿ ನೋಡಲಿಲ್ಲ. ಆರು ವರ್ಷದ ರೂಢಿ ಇತ್ತು. ಉಳಿದ ಪಟ್ಟಿಗಳನ್ನು ಕಪಾಟಿನಲ್ಲಿಟ್ಟೆ.

ಅತ್ತೆ ಮಾವ 7ನೇ ತಾರೀಖು ಬೆಳಿಗ್ಗೆ ಮುಂಬೈ ತಲುಪಿ ಎರಡು ದಿನ ಕುರ್ಲಾದಲ್ಲಿ ಮಾವನ ತಮ್ಮನ ಮನೆಯಲ್ಲಿದ್ದು, 9ನೇ ತಾರೀಖು ಹಡಗು ಹತ್ತಿದರು. ಹತ್ತಿದ ಕೂಡಲೇ ಅತ್ತೆ ಫೋನ್ ಮಾಡಿದ್ದರು. ಅದು ಹಡಗಲ್ಲ, ಊರು, ಗೋಕಾಕ ಬಸ್ ಸ್ಟ್ಯಾಂಡಿನಷ್ಟು ಮಂದಿ ಒಳಗೇ ಇದ್ದಾರೆ ಎಂದರು. ಗುಳಿಗೆ ದಿನಾ ತೆಗೆದುಕೊಳ್ಳುತ್ತೀರೋ ಎಂದು ಕೇಳಿದೆ. ಒಂದೂ ತಪ್ಪಿಸಿಲ್ಲ ಎಂದರು.

ದಿನಾಂಕ 11-01-2026 ಭಾನುವಾರ ಸಂಜೆ 5:40ಕ್ಕೆ ಅಯೂಬ ಲಕ್ಷದ್ವೀಪದಿಂದ ಸಂದೇಶ ಕಳಿಸಿದನು. ಅಮ್ಮಾಗೆ ನಿನ್ನೆಯಿಂದ ಬಾಯಿ ತುಂಬ ಹುಣ್ಣು ಆಗಿವೆ, ಚಹಾ ಸಹ ಉರಿಯುತ್ತದೆ, ಮೈ ಬಿಸಿಯಿದೆ ಎಂದಿತ್ತು. ಹುಕ್ಕೇರಿಯ ಡಾಕ್ಟರರು ಹಿಂದೊಮ್ಮೆ, ಬಾಯಿಹುಣ್ಣು ಆದರೆ ವಿಟಮಿನ್ ಸಾಲುತ್ತಿಲ್ಲ ಎಂದು ತಿಳಿಯಬೇಕು ಎಂದು ನನಗೆ ಹೇಳಿದ್ದರು. ಅದು ನೆನಪಿದ್ದು, 5:46ಕ್ಕೆ ನಾನು ಹೀಗೆ ಉತ್ತರ ಬರೆದೆ: "ದಿನಾ ಅಂತ ಬರದ ಡಬ್ಬ್ಯಾಗಿಂದ ಈಗ ಇನ್ನೊಂದ ಗುಳಿಗಿ ಕೊಡ. ತಪ್ಪಸಬ್ಯಾಡ." ಆ ಸಂದೇಶ ನನ್ನ ಫೋನಿನಲ್ಲಿ ಈಗಲೂ ಇದೆ. ಅಳಿಸಿಲ್ಲ. ಫೋನನ್ನು ಈ ಹೇಳಿಕೆಯ ಜೊತೆ ಹಾಜರುಪಡಿಸಿದ್ದೇನೆ. ಆತ ಕೊಟ್ಟನು.

ದಿನಾಂಕ 12-01-2026 ಸೋಮವಾರ ಬೆಳಿಗ್ಗೆ 7:30ಕ್ಕೆ ಮಿಸ್ಬಾಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿ ಅಡುಗೆಮನೆಗೆ ಬಂದೆ. ಸೋಮವಾರವಾದ್ದರಿಂದ ಕೈ ತಾನಾಗಿಯೇ ಕಪಾಟಿಗೆ ಹೋಗಿ ಸೋಮವಾರದ ಗುಳಿಗೆಯ ಪಟ್ಟಿ ತೆಗೆಯಿತು. ಅತ್ತೆ ಮನೆಯಲ್ಲಿಲ್ಲ ಎಂಬುದು ತೆಗೆದ ಮೇಲೆ ನೆನಪಾಯಿತು. ವಾಪಸ್ ಇಡುವಾಗ ಪಟ್ಟಿ ಹಗುರವಾಗಿತ್ತು. ನೋಡಿದೆ. ಹತ್ತರಲ್ಲಿ ಒಂದೇ ಗುಳಿಗೆ ಉಳಿದಿತ್ತು. 5ನೇ ತಾರೀಖಿನದು ಒಂದು, ಡಬ್ಬಿಗೆ ಹಾಕಿದ್ದು ಒಂದು, ಎಂಟು ಉಳಿಯಬೇಕಾಗಿತ್ತು. ವಿಟಮಿನ್ ಪಟ್ಟಿ ತೆಗೆದು ನೋಡಿದೆ. ಅದರಲ್ಲಿ ಒಂದೇ ತೂತು ಇತ್ತು.

ಎರಡೂ ಪಟ್ಟಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆ ತಿಳಿಯದು. ಒಲೆಯ ಮೇಲಿನ ಹಾಲು ಉಕ್ಕಿ ಕೆಳಗೆ ಇಳಿದಿತ್ತು. ಉರಿಯುವ ಒಲೆ ಎದುರಿಗಿತ್ತು. ಈ ಪಟ್ಟಿಯನ್ನು ಅದರಲ್ಲಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ವಿಚಾರ ನನಗೆ ಬಂದದ್ದು ನಿಜ. ಅದನ್ನೂ ಬರೆದುಕೊಳ್ಳಲು ಹೇಳಿದ್ದೇನೆ. ಹಾಕಲಿಲ್ಲ.

7:50ಕ್ಕೆ ಅಯೂಬನಿಗೆ ಮೊದಲ ಫೋನ್ ಮಾಡಿದೆ. ಹತ್ತಲಿಲ್ಲ. ಹಡಗು ಸಮುದ್ರದ ನಡುವೆ ಇದ್ದು ಮರುದಿನ ಬೆಳಿಗ್ಗೆ ಗೋವಾ ಮುಟ್ಟುವುದೆಂದು ನನಗೆ ಗೊತ್ತಿತ್ತು. ಅಂದು ಸೋಮವಾರವಾದ್ದರಿಂದ ಅತ್ತೆ "ಸೋಮವಾರ" ಡಬ್ಬಿಯ ಗುಳಿಗೆ ತೆಗೆದುಕೊಳ್ಳುತ್ತಾರೆ, ಅದು ವಿಟಮಿನ್, ಅದರಿಂದ ಕೇಡಿಲ್ಲ. ಮಂಗಳವಾರ ಬೆಳಿಗ್ಗೆ 8:00ಕ್ಕೆ ಮತ್ತೆ "ದಿನಾ" ಡಬ್ಬಿ ತೆಗೆಯುತ್ತಾರೆ. ಅಲ್ಲಿಯವರೆಗೆ ಇಪ್ಪತ್ತನಾಲ್ಕು ತಾಸು ಇತ್ತು.

8:15ಕ್ಕೆ ನಮ್ಮ ಮನೆಯಿಂದ ಸುಮಾರು 300 ಮೀಟರ್ ದೂರದ ಔಷಧ ಅಂಗಡಿಗೆ ಹೋದೆ. ಮಾಲೀಕರಾದ ಅಲ್ಲಪ್ಪ ಬಾಗಿಲು ತೆಗೆಯುತ್ತಿದ್ದರು. ಎರಡೂ ಪಟ್ಟಿ ಅವರ ಕೈಗೆ ಕೊಟ್ಟು ನಡೆದದ್ದು ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಎಷ್ಟು ತೆಗೆದುಕೊಂಡಿದ್ದಾರೆ ಎಂದು ಕೇಳಿದರು. ಬುಧವಾರದಿಂದ ಭಾನುವಾರದವರೆಗೆ ಐದು, ನಿನ್ನೆ ಸಂಜೆ ನಾನೇ ಹೇಳಿ ಕೊಡಿಸಿದ್ದು ಒಂದು, ಒಟ್ಟು ಆರು ಎಂದೆ. ಅವರು ಪಟ್ಟಿಯನ್ನು ಮತ್ತೊಮ್ಮೆ ಓದಿದರು.

"ತಂಗೆವ್ವಾ, ಇದು ದಿನಾ ತಗೊಳ್ಳೂ ಗುಳಿಗಿ ಅಲ್ಲ. ಮೈಯಾಗಿನ ರಕ್ತಾನ ಒಣಗಸತೈತಿ ಇದು" ಎಂದರು.

ನಾನು, "ಕಾಕಾ, ಸಾಯತಾರೇನ್ರಿ?" ಎಂದು ಕೇಳಿದೆ.

ಅವರು, "ಮೊದಲ ನಿಂದರಸು. ಇನ್ನೊಂದು ಗುಳಿಗಿ ಹೊಟ್ಟ್ಯಾಗ ಹೋಗಬಾರದು" ಎಂದರು. ಅಲ್ಲಿಂದಲೇ ಹುಕ್ಕೇರಿಯ ಡಾಕ್ಟರರಿಗೆ ಫೋನ್ ಹಚ್ಚಿದರು. ಡಾಕ್ಟರರು ಒಂದು ಇಂಜೆಕ್ಷನ್ನಿನ ಹೆಸರು ಹೇಳಿ, ದಡ ಮುಟ್ಟಿದ ತಕ್ಷಣ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು, ತಾಸುಗಳ ಲೆಕ್ಕ ಎಂದರು. ಅಲ್ಲಪ್ಪ ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಅದರ ಫೋಟೋ ತೆಗೆದು 8:52ಕ್ಕೆ ಅಯೂಬನಿಗೆ ಕಳಿಸಿದೆ. ಒಂದೇ ಟಿಕ್ ಮೂಡಿತು. ಮುಟ್ಟಿರಲಿಲ್ಲ.

ಗಂಡನಿಗೆ ಫೋನ್ ಮಾಡಿದೆ. ಆತ ಗಾದಿ ಕೊಡಲು ಧುಪದಾಳಕ್ಕೆ ಹೋಗಿದ್ದನು. 9:40ಕ್ಕೆ ಬಂದನು. ಹೇಳಿದ್ದನ್ನು ಕೇಳಿ ಕಟ್ಟೆಯ ಮೇಲೆ ಕುಳಿತನು. ಬೈಯಲಿಲ್ಲ. ಜೀನತಳಿಗೆ ಈಗಲೇ ತಿಳಿಸುವುದೋ ಬೇಡವೋ ಎಂದು ಕೇಳಿದೆ. "ಮೊದಲ ಅಮ್ಮಾ ಸಿಗ್ಲಿ" ಎಂದನು. 10:05ಕ್ಕೆ ಟಿಕೆಟ್ ಕಾಗದದ ಮೇಲಿದ್ದ ಮುಂಬೈ ಆಫೀಸಿನ ನಂಬರಿಗೆ ಹಿಂದಿಯಲ್ಲಿ ಮಾತಾಡಿದೆ. ಫೋನಿನಲ್ಲಿದ್ದ ಹೆಣ್ಣುಮಗಳು ರೂಮಿನ ನಂಬರು ಬರೆದುಕೊಂಡು, ಹಡಗಿನ ಡಾಕ್ಟರಿಗೆ ಸಂದೇಶ ಕಳಿಸುತ್ತೇವೆ ಎಂದರು. ಮಧ್ಯಾಹ್ನ 1:00ಕ್ಕೆ, ಸಂಜೆ 4:15ಕ್ಕೆ ಮತ್ತೆ ಕೇಳಿದೆ. ಕಳಿಸಿದ್ದೇವೆ, ಓದಿದ್ದಾರೆಂದು ಇನ್ನೂ ತಿಳಿದುಬಂದಿಲ್ಲ ಎಂದರು. ಅಂದು ಅಯೂಬನಿಗೆ ಒಟ್ಟು 41 ಸಲ ಫೋನ್ ಹಚ್ಚಿದ್ದೇನೆ. ರಾತ್ರಿ ನಿದ್ದೆಯಾಗಲಿಲ್ಲ.

ದಿನಾಂಕ 13-01-2026 ಮಂಗಳವಾರ ಬೆಳಿಗ್ಗೆ 7:22ಕ್ಕೆ ಅಯೂಬನ ಫೋನ್ ಬಂತು.

"ಭಾಬಿ, ಈಗ ರೇಂಜ್ ಬಂತ. ಇಷ್ಟ ಫೋನ್ ಯಾಕ ಮಾಡೀರಿ? ಮಿಸ್ಬಾ ಆರಾಮ ಅದಾಳೇನ?"

"ಅಮ್ಮಾಗ ಹಳದಿ ಗುಳಿಗಿ ಕೊಡಬ್ಯಾಡ. ಹೋಗ, ಈಗ ಹೋಗ. ಡಬ್ಬಿ ಕಸಗೋ. ಆಮ್ಯಾಲ ಕೇಳ."

ಆತ ಕೇಳಲಿಲ್ಲ. ಓಡುವ ಸಪ್ಪಳ ಕೇಳಿಸಿತು. ಅಡುಗೆಮನೆಯಿಂದ ಅತ್ತೆಯವರ ರೂಮಿಗೆ ಏಳು ಅಂತಸ್ತು ಮೇಲೇರಬೇಕೆಂದು ನಂತರ ತಿಳಿಯಿತು. ಫೋನ್ ಕಟ್ಟಾಯಿತು. 7:22ರಿಂದ 7:39ರವರೆಗೆ ನಾನು ಗಡಿಯಾರದ ಎದುರಿಗೆ ಕುಳಿತಿದ್ದೆ. 7:39ಕ್ಕೆ ಆತ ಮತ್ತೆ ಫೋನ್ ಮಾಡಿ ಅಳುತ್ತಾ ಹೇಳಿದ್ದೇನೆಂದರೆ, ಅತ್ತೆಗೆ ಹುಣ್ಣಿನಿಂದ ನೀರೂ ಇಳಿಯುತ್ತಿಲ್ಲ. ಇಡೀ ಗುಳಿಗೆ ನುಂಗಲು ಆಗದ ಕಾರಣ ಮಾವ ಅದನ್ನು ಚಮಚದಲ್ಲಿ ಅರೆದು ನೀರು ಹಾಕಿ ಬಾಯಿಯ ಹತ್ತಿರ ಹಿಡಿದಿದ್ದರು. ತಾನು ಹೋಗಿ ಚಮಚ ಕಸಿದುಕೊಂಡೆ ಎಂದನು. ಮಾವ ಕಾಣದ ಕಣ್ಣಿನಲ್ಲಿ ಅರೆಯುವುದು ತಡವಾಗದಿದ್ದರೆ ಏನಾಗುತ್ತಿತ್ತೋ ತಿಳಿಯದು. ಹಡಗಿನ ಡಾಕ್ಟರರಿಗೆ ಆಫೀಸಿನ ಸಂದೇಶವೂ ಮುಟ್ಟಿದ್ದು, ಅವರೂ ಅಷ್ಟರಲ್ಲಿ ಬಂದರು.

ಅದೇ ದಿನ 10:30ಕ್ಕೆ ಅತ್ತೆಯನ್ನು ಗೋವಾದ ಆಸ್ಪತ್ರೆಗೆ ಸೇರಿಸಿದರು. ರಕ್ತದಲ್ಲಿ ಬಿಳಿ ಕಣ ನಾಲ್ಕು ಸಾವಿರ ಇರಬೇಕಾದಲ್ಲಿ ಒಂಬೈನೂರು ಇದ್ದವು. ಜ್ವರ 103 ಇತ್ತು. ಔಷಧದಿಂದ ಆದದ್ದಾದ್ದರಿಂದ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು. ಇಂಜೆಕ್ಷನ್ ಶುರುವಾಯಿತು. ಅಯೂಬನೂ ಹಡಗು ಬಿಟ್ಟು ಇಳಿದು ಜೊತೆಗಿದ್ದು, ಜೀನತಳಿಗೆ ಫೋನಿನಲ್ಲಿ ತಿಳಿಸಿದನು. ಮರುದಿನ ಬೆಳಿಗ್ಗೆ ಆಂಬುಲೆನ್ಸಿನಲ್ಲಿ ಬೆಳಗಾವಿಗೆ ತಂದರು.

ದಿನಾಂಕ 14-01-2026 ಬುಧವಾರ ನಾನು ಮತ್ತು ಗಂಡ ಮಿಸ್ಬಾಳನ್ನು ಗೌರಕ್ಕನ ಮನೆಯಲ್ಲಿ ಬಿಟ್ಟು ಬೆಳಗಾವಿಗೆ ಹೋದೆವು. ಸಂಕ್ರಮಣದ ಗದ್ದಲಕ್ಕೆ ಬಸ್ಸಿನಲ್ಲಿ ನಿಂತೇ ಹೋಗಬೇಕಾಯಿತು. ಬಸ್ಸಿನಲ್ಲಿ ಯಾರೋ ಎಳ್ಳು ಬೆಲ್ಲ ಹಂಚಿದರು. ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಮಧ್ಯಾಹ್ನ 1:20ಕ್ಕೆ ಆಸ್ಪತ್ರೆಯ ಎರಡನೇ ಮಹಡಿಗೆ ಹೋದಾಗ ಐಸಿಯು ಬಾಗಿಲಲ್ಲಿ ಜೀನತ ನಿಂತಿದ್ದಳು. ಅಯೂಬನ ಫೋನಿನಲ್ಲಿದ್ದ ನನ್ನ ಸಂದೇಶ ಓದಿದ್ದಳು.

"ಇನ್ನೊಂದ ಕೊಡ ಅಂತ ಬರದಿ. ಬಾಯಿ ತುಂಬ ಹುಣ್ಣ ಆಗ್ಯಾವ ಅಂತ ಹೇಳಿದ ಮ್ಯಾಲೂ ಬರದಿ" ಎಂದಳು.

ನಾನು, "ವಿಟಮಿನ್ ಅಂತ ತಿಳಕೊಂಡಿದ್ದೆ ಆಪಾ" ಎಂದೆ.

"ಆರು ವರ್ಷ ನೀನ ಕೊಟ್ಟಾಕಿ. ಅವತ್ತ ಗುರುತ ಹತ್ತಲಿಲ್ಲೇನ? ಒಳಗ ಹೋಗಬ್ಯಾಡ. ನಿನ್ನ ಕೈ ಆಕಿಗೆ ಹತ್ತಬಾರದು."

ನಾನು ಒಳಗೆ ಹೋಗಲಿಲ್ಲ. ಬಾಗಿಲ ಗಾಜಿನಿಂದ ಸುಮಾರು ಹದಿನೈದು ಅಡಿ ದೂರದಲ್ಲಿ ಅತ್ತೆಯ ಕಾಲು ಮಾತ್ರ ಕಾಣುತ್ತಿದ್ದವು. ಡಾಕ್ಟರರು ಹೊರಗೆ ಬಂದು, ಕೊಡುತ್ತಿರುವ ಇಂಜೆಕ್ಷನ್ ಆ ವಿಟಮಿನ್ನಿನದೇ ಇನ್ನೊಂದು ರೂಪ, ಮೂರು ನಾಲ್ಕು ದಿನ ಏನೂ ಹೇಳಲು ಬರುವುದಿಲ್ಲ, ಒಂದು ಸಣ್ಣ ನೆಗಡಿಯೂ ಪ್ರಾಣಕ್ಕೆ ಬರಬಹುದು ಎಂದರು.

ಗಂಡ ಅಲ್ಲಿಯೇ ಉಳಿದನು. ನಾನು ಸಂಜೆ 7:00ಕ್ಕೆ ಗೋಕಾಕಕ್ಕೆ ಬಂದು ಗೌರಕ್ಕನ ಬಾಗಿಲು ಬಡಿದೆ. ಜೀನತಳ ಗಂಡ ಬಂದು ಮಿಸ್ಬಾಳನ್ನು ಹುಕ್ಕೇರಿಗೆ ಕರೆದುಕೊಂಡು ಹೋದರೆಂದು ಗೌರಕ್ಕ ಹೇಳಿದರು. ನನ್ನ ಮುಖ ನೋಡಲಿಲ್ಲ. ಜೀನತಳಿಗೆ ಫೋನ್ ಮಾಡಿದೆ. ಆಕೆ ಅಷ್ಟರಲ್ಲಿ ಹುಕ್ಕೇರಿಗೆ ವಾಪಸ್ ಹೋಗಿದ್ದಳು. "ಎಲ್ಲಾ ತಿಳಿಯೂತನಕ ಕೂಸ ನಮ್ಮಲ್ಲೆ ಇರ್ಲಿ. ನಿನ್ನ ಕೈಯಾಗಿಂದ ಅದು ಏನೂ ತಿನ್ನೂದ ಬ್ಯಾಡ" ಎಂದು ಹೇಳಿ ಇಟ್ಟಳು. ಹಿಂದೆ ಮಿಸ್ಬಾಳ ದನಿ ಕೇಳಿಸಿತು. ಆಕೆ ಅದನ್ನು ಮಗುವಿನ ಎದುರಿಗೇ ಹೇಳಿದ್ದಳು.

ದಿನಾಂಕ 16-01-2026ರಂದು ಜೀನತ ಈ ಠಾಣೆಯಲ್ಲಿ, ನಾನು ಬೇಕೆಂದೇ ಗುಳಿಗೆ ಬದಲಿಸಿ ಅತ್ತೆಯನ್ನು ಕೊಲ್ಲಲು ಪ್ರಯತ್ನಿಸಿದ್ದೇನೆ ಎಂದು ದೂರು ಕೊಟ್ಟಿದ್ದು ತಿಳಿಯಿತು. ಮರುದಿನ ಬೆಳಿಗ್ಗೆ 9:00ಕ್ಕೆ ನನ್ನ ತಂದೆ ದಸ್ತಗೀರಸಾಬ ಮೂಡಲಗಿಯಿಂದ ಟೆಂಪೋ ತೆಗೆದುಕೊಂಡು ಬಂದರು. ವಕೀಲರೊಂದಿಗೆ ಮಾತಾಡಿದ್ದೇನೆ, ಜಾಮೀನು ಸಿಗುವವರೆಗೆ ತವರಿನಲ್ಲಿರು, ಪೊಲೀಸರು ಮನೆಗೆ ಬಂದು ಗಲ್ಲಿಯಲ್ಲಿ ಎಲ್ಲರೆದುರು ಕರೆದೊಯ್ದರೆ ತಾನು ನೋಡಲಾರೆ ಎಂದರು.

"ನಾ ಬಂದ್ರ ಓಡಿ ಹೋದ್ಲು ಅಂತಾರಪ್ಪಾ" ಎಂದೆ.

"ಅನ್ಲಿ. ಜೇಲಿಗಿಂತ ಅದ ಚಲೋ."

"ಮಿಸ್ಬಾ ದೊಡ್ಡಾಕಿ ಆಗಿ ಕೇಳತಾಳ. ಆವಾಗ ಏನ ಹೇಳ್ಲಿ?"

ತಂದೆಯವರು ಟೆಂಪೋದಲ್ಲಿ ಒಂದು ತಾಸು ಕುಳಿತಿದ್ದು ನಂತರ ಹೋದರು. ಅಂದಿನಿಂದ ಗಲ್ಲಿಯಲ್ಲಿ ಯಾವ ಗಾಡಿಯ ಸಪ್ಪಳವಾದರೂ ನಾನು ಎದ್ದು ನಿಲ್ಲುತ್ತಿದ್ದೆ. ಮೂರು ದಿನ ಒಂದೇ ಬ್ಲೌಸಿನ ತೋಳು ಹೊಲಿದು ಬಿಚ್ಚಿದ್ದೇನೆ.

18ನೇ ತಾರೀಖು ಬಿಳಿ ಕಣ ಹದಿನೇಳು ನೂರಕ್ಕೆ ಏರಿದವು. 19ಕ್ಕೆ ಜ್ವರ ಬಿಟ್ಟಿತು. 20ನೇ ತಾರೀಖು ಬೆಳಿಗ್ಗೆ ಅತ್ತೆಯನ್ನು ಐಸಿಯುದಿಂದ ಹೊರಗೆ ತಂದರು. ಪ್ರಾಣಕ್ಕೆ ಇನ್ನು ಭಯವಿಲ್ಲ ಎಂದು ಡಾಕ್ಟರರು ಹೇಳಿದರೆಂದು ಗಂಡ ಫೋನ್ ಮಾಡಿ ತಿಳಿಸಿದನು. ಅದೇ ಮಧ್ಯಾಹ್ನ ಪೊಲೀಸರು ಆಸ್ಪತ್ರೆಗೆ ಹೋಗಿ ಅತ್ತೆಯ ಹೇಳಿಕೆ ಪಡೆದರೆಂದೂ, ಆಗ ಎಲ್ಲರನ್ನೂ ಹೊರಗೆ ಕಳಿಸಿದ್ದರೆಂದೂ ಹೇಳಿದನು. ಅವರು ಏನು ಹೇಳಿದ್ದಾರೆಂದು ನನ್ನ ಗಂಡನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಲ್ಲಿ ಕೇಳಿದ್ದಕ್ಕೆ ತಿಳಿಸಲು ಬರುವುದಿಲ್ಲ ಎಂದರು. ಅವರು ಏನೇ ಹೇಳಿದ್ದರೂ ನನ್ನ ಹೇಳಿಕೆ ಇದೇ ಇರುತ್ತದೆ. ಗುಳಿಗೆ ಬದಲಾದದ್ದು ನನ್ನ ಕೈಯಿಂದ. ಇನ್ನೊಂದು ಕೊಡು ಎಂದು ಬರೆದದ್ದು ನಾನು. ಅತ್ತೆ ಸಾಯಲಿ ಎಂದು ಬಯಸಿದವಳು ನಾನಲ್ಲ. ಇದರಲ್ಲಿ ಮಾವನದಾಗಲಿ, ಅಯೂಬನದಾಗಲಿ, ಅಂಗಡಿಯ ಅಲ್ಲಪ್ಪನವರದಾಗಲಿ ಏನೂ ತಪ್ಪಿಲ್ಲ.

ಇಂದು ಬೆಳಿಗ್ಗೆ 8:20ಕ್ಕೆ ಜೀನತ ಹುಕ್ಕೇರಿಯಿಂದ ಬಂದು ಮಿಸ್ಬಾಳನ್ನು ನಮ್ಮ ಬಾಗಿಲಿಗೆ ಬಿಟ್ಟಳು. ಒಳಗೆ ಬರಲಿಲ್ಲ. ಚಹಾ ಕುಡಿ ಎಂದರೆ ಬೇಡ ಎಂದಳು. "ಅಮ್ಮಾ ನಿನ್ನಿ ಮಾತಾಡಿದ್ಲು. ಕೂಸಿನ್ನ ಮೊದಲ ಅವರ ಅವ್ವನ ಕಡಿ ಕಳಸ ಅಂದ್ಲು, ಅದಕ್ಕ ಬಂದೇನಿ. ನನಗ ಇನ್ನೂ ಖರೆ ಅನಸವಲ್ದು" ಎಂದು ಹೇಳಿ ಅದೇ ರಿಕ್ಷಾದಲ್ಲಿ ಹೋದಳು.

ಮಿಸ್ಬಾ ಏಳು ದಿನದಲ್ಲಿ ಇಳಿದಿದ್ದಳು. ಏನಾದರೂ ಕೇಳುತ್ತಾಳೆಂದು ಕಾದೆ, ಕೇಳಲಿಲ್ಲ. ಒಂದು ಬಿಸಿ ರೊಟ್ಟಿ ಮಾಡಿ, ತತ್ತಿ ಹುರಿದು ತಾಟಿನಲ್ಲಿ ಹಾಕಿ ಕೊಟ್ಟೆ. ಅವಳು ತಾಟಿನ ಎದುರು ಕುಳಿತಳು. ಒಂದು ತುತ್ತು ಮುರಿದು ಕೈಯಲ್ಲಿ ಹಿಡಿದಳು. ಬಾಯಿಗೆ ಹಾಕಲಿಲ್ಲ. ನನ್ನನ್ನು ನೋಡಿ, "ತಿನ್ಲೇನ ಅಮ್ಮಿ?" ಎಂದು ಕೇಳಿದಳು.

ನಾನು ಅವಳ ತಾಟಿನಿಂದ ಒಂದು ತುತ್ತು ತೆಗೆದು ಮೊದಲು ತಿಂದೆ. ಆಮೇಲೆ ಅವಳು ತಿಂದಳು. ಅವಳು ಪೂರ್ತಿ ಉಂಡ ಮೇಲೆ, 10:35ಕ್ಕೆ ಮನೆ ಬಿಟ್ಟು, ಅವಳನ್ನು ಜೊತೆಗೆ ಕರೆದುಕೊಂಡೇ ಈ ಠಾಣೆಗೆ ಬಂದಿದ್ದೇನೆ. ಹೊರಗಿನ ಬಾಕಿನ ಮೇಲೆ ಕುಳಿತಿದ್ದಾಳೆ.

ಇಲ್ಲಿಯವರೆಗೆ ಬರೆದದ್ದನ್ನು ನನಗೆ ಕನ್ನಡದಲ್ಲಿ ಓದಿ ಕೇಳಿಸಿದ್ದು, ನಾನು ಹೇಳಿದಂತೆಯೇ ಇದೆ, ಸತ್ಯವಿದೆ. ಒಂದು ಕಡೆ, ಗುಳಿಗೆ ಕಟ್ಟುವಾಗ "ಗಾಬರಿಯಲ್ಲಿ" ಎಂದು ಬರೆದಿದ್ದನ್ನು ಹೇಳಿ ತೆಗೆಸಿದ್ದೇನೆ. ಆಗ ನನಗೆ ಗಾಬರಿ ಇರಲಿಲ್ಲ. ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಗೋಕಾಕ
ದಿನಾಂಕ: 21-01-2026, ಮಧ್ಯಾಹ್ನ 1:10

(ಸಹಿ) ಸೈಮಾ ಮೈ. ನದಾಫ